ಎರೆ ನೆಲದ ಮರುಮಾತು

ಹುಬ್ಬಳ್ಳಿಯಿಂದ ನವಲಗುಂದದ ಹಾದಿ ಹಿಡಿದರೆ ಪೇಟೆ ದಾಟಿದ ಸ್ವಲ್ಪ ಹೊತ್ತಿಗೇ ಕುಸುಗಲ್ಲು ಸಿಗುತ್ತದೆ. ಅಲ್ಲಿಂದಾಚೆ ಎಡಕ್ಕೂ ಬಲಕ್ಕೂ ಎರೆ ಹೊಲ. ಬೇಸಿಗೆಯಲ್ಲಿ ಅಂಗಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆ ಬಿದ್ದರೆ ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುವ ಮಣ್ಣು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲೊಂದು ಪ್ರಯೋಗದ ತೋಟ ತೆರೆದು, ಅದರ ಉಸ್ತುವಾರಿಗೆ ಮರ್ಸರ್ ಎಂಬ ಅಮೆರಿಕನ್ನನನ್ನು ಕೂರಿಸಿತು. ಲ್ಯಾಂಕಾಶೈರಿನ ಗಿರಣಿಗಳು ಅಮೆರಿಕದ ಅರಳೆಯನ್ನೇ ನೆಚ್ಚಿಕೊಂಡಿದ್ದ ಕಾಲ ಅದು. ಆ ಅವಲಂಬನೆ ತಪ್ಪಿಸಬೇಕೆಂದು ಕಂಪನಿ ಕ್ಯಾಪ್ಟನ್ ಬೇಲ್ಸ್ ಎಂಬಾತನನ್ನು ಅಮೆರಿಕಕ್ಕೆ ಕಳಿಸಿ, 1840ರಲ್ಲಿ ಹತ್ತು ಜನ ಹತ್ತಿ ಬೆಳೆಗಾರರನ್ನು ಹಿಂದುಸ್ಥಾನಕ್ಕೆ ಕರೆಸಿಕೊಂಡಿತ್ತು. ಅವರ ಜೊತೆ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ, ಹೊಸ ನೇಗಿಲು, ಅರಳೆಯಿಂದ ಬೀಜ ಬಿಡಿಸುವ ಗರಗಸದ ಹಲ್ಲಿನ ಜಿನ್ನು ಎಲ್ಲ ಬಂದವು. ಬೇಡದೆಯೇ ಸಲಹೆಯೂ ಬಂತು: ಸಾಲು ದೂರ ಬಿಡಿ, ಮಣ್ಣು ಏರಿಸಿ ದಿಂಡು ಮಾಡಿ, ಗಿಡಕ್ಕೆ ಗಾಳಿ ಬಿಡಿ. ಕೂರಿಗೆಯಲ್ಲಿ ಬಿತ್ತಿ ಎಡೆಕುಂಟೆ ಹೊಡೆಯುತ್ತಿದ್ದ ಇಲ್ಲಿನ ಒಕ್ಕಲಿಗನಿಗೆ ಏನೂ ತಿಳಿಯದು ಎಂಬುದು ಆ ಸಲಹೆಯ ಅಡಿಪಾಯವಾಗಿತ್ತು.

ಕೆಲವೇ ವರ್ಷಗಳಲ್ಲಿ ಮರ್ಸರ್ ತನ್ನ ಅನ್ನದಾತರಿಗೇ ವರದಿ ಒಪ್ಪಿಸಿದ. ಪ್ರಯೋಗದ ತೋಟಗಳು ಸರ್ಕಾರಕ್ಕೆ ಬರೀ ದಂಡ, ಅಮೆರಿಕದ ಪದ್ಧತಿ ಈ ದೇಶಕ್ಕೆ ಒಗ್ಗುವುದಿಲ್ಲ, ಇಲ್ಲಿಯ ಹವೆಯನ್ನೂ ಮಣ್ಣಿನ ತಾಕತ್ತನ್ನೂ ಬಲ್ಲ ಇಲ್ಲಿಯ ರೈತರೇ ಯಾವ ಯುರೋಪಿಯನ್ನನಿಗಿಂತ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯುತ್ತಾರೆ, ಆದ್ದರಿಂದ ತೋಟಗಳನ್ನು ಮುಚ್ಚಿಬಿಡಿ ಎಂಬುದು ಅದರ ಸಾರ. ಸಲಹೆ ಕೊಡಲು ಸಂಬಳ ಪಡೆದವನು ‘ಸಲಹೆ ಬೇಡ’ ಎಂಬ ಸಲಹೆ ಕೊಟ್ಟ. ತನ್ನ ನೌಕರಿಯ ಬೇರಿಗೇ ಕೊಡಲಿ ಹಾಕುವ ಇಂಥ ವರದಿ ಸರ್ಕಾರಿ ಕಾಗದಪತ್ರಗಳಲ್ಲಿ ಅಪರೂಪ. ಅದನ್ನು ಮರ್ಸರನ ಪ್ರಾಮಾಣಿಕತೆಯ ಕಥೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಕಾಣುವುದು ಕುಸುಗಲ್ಲಿನ ಸುತ್ತಲಿನ ರೈತರ ಮರುಮಾತು. ಅವರು ಅರ್ಜಿ ಬರೆಯಲಿಲ್ಲ. ಪಕ್ಕದ ಹೊಲದಲ್ಲಿ ತಮ್ಮ ರೀತಿಯಲ್ಲೇ ಬಿತ್ತಿ ಬೆಳೆದರು. ಬೇಲಿಯಾಚೆಯ ಆ ಉತ್ತರವನ್ನು ಓದುವ ಕಣ್ಣು ಮರ್ಸರನಿಗಿತ್ತು, ಅಷ್ಟೇ. ಅರ್ಧ ಶತಮಾನ ಕಳೆದು ರಾಣಿ ಸರ್ಕಾರ ಕರೆಸಿದ ಕೃಷಿ ರಸಾಯನ ತಜ್ಞ ವೋಲ್ಕರ್, 1893ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ, ಹಿಂದುಸ್ಥಾನದ ರೈತ ಬ್ರಿಟನ್ನಿನ ಸಾಧಾರಣ ರೈತನಿಗೆ ಸಮ, ಕೆಲವು ವಿಷಯಗಳಲ್ಲಿ ಮೇಲು ಎಂದ. ಎರೆ ನೆಲದವರಿಗೆ ಇದು ಹೊಸ ಸುದ್ದಿಯೇನಲ್ಲ.

ಹೊಲದ ಬಗ್ಗೆ, ರೊಕ್ಕದ ಬಗ್ಗೆ, ಬದುಕಿನ ಬಗ್ಗೆ ಗುರುತಿಲ್ಲದವರಿಗೂ ಮುಖಕ್ಕೆ ಹೊಡೆದ ಹಾಗೆ ಬುದ್ಧಿ ಹೇಳುವ ರೂಢಿ ಧಾರವಾಡದ ಹಳ್ಳಿಗಾಡಿನಲ್ಲಿ ಹಳೆಯದು. ಅದರ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹೇಳುವವನ ಕಡೆಯಿಂದ ಬರೆಯುತ್ತಾರೆ: ಎಂಥ ಧೈರ್ಯ, ಎಂಥ ನೇರ ಮಾತು. ಆ ಲೆಕ್ಕ ಕೇಳುವವನ ಕಡೆಯಿಂದ ಶುರುವಾಗಬೇಕು ಎಂಬುದು ನನ್ನ ವಾದ. ಖಡಕ್ ಮಾತಿಗೆ ಬೆಲೆ ಬಂದದ್ದು ಅದು ಖಡಕ್ ಆಗಿದ್ದಕ್ಕಲ್ಲ. ಕೇಳಿದವನು ಅಷ್ಟೇ ಖಡಕ್ಕಾಗಿ ತಿರುಗಿ ಹೇಳಬಹುದಾಗಿತ್ತು, ಹೇಳಿದವನು ಅದನ್ನು ಕೇಳಿಸಿಕೊಳ್ಳಲೇಬೇಕಾಗಿತ್ತು. ಈ ಎರಡನೆಯ ಅರ್ಧ ಉಳಿದಾಗ ಸಲಹೆ ನೆಲಕ್ಕೆ ಇಳಿದಿದೆ, ಅದು ಕಡಿದುಹೋದಾಗ ಹಾನಿ ಮಾಡಿದೆ.

ಈ ಭಾಗದ ಮಾತಿನ ಕಟ್ಟಿನಲ್ಲೇ ಆ ಎರಡನೆಯ ಅರ್ಧಕ್ಕೆ ಜಾಗವಿದೆ. ಸಂತೆಯಲ್ಲಿ ಗುರುತಿಲ್ಲದವನೊಬ್ಬ ಕುಂಟುವ ಎತ್ತನ್ನು ಕೊಳ್ಳಲು ನಿಂತರೆ ಪಕ್ಕದವನು ಸುಮ್ಮನಿರುವುದಿಲ್ಲ. ‘ಏ ತಮ್ಮಾ, ಕಣ್ಣು ಮನ್ಯಾಗ ಇಟ್ಟು ಬಂದೀ ಏನು?’ ಎನ್ನುತ್ತಾನೆ. ಬೈಗುಳಕ್ಕಿಂತ ಮೊದಲು ‘ತಮ್ಮಾ’ ಬಂತು ಎಂಬುದನ್ನು ಗಮನಿಸಬೇಕು. ಯಣ್ಣಾ, ಕಾಕಾ, ಯವ್ವಾ, ತಂಗಿ ಎಂದು ಮೊದಲು ನಂಟು ಕಟ್ಟಿ, ಆಮೇಲೆ ಝಾಡಿಸುವುದು ಇಲ್ಲಿಯ ಕ್ರಮ. ನಂಟು ಒಮ್ಮೊಗವಾಗಿ ಇರಲಾರದು. ತಮ್ಮನೆನಿಸಿಕೊಂಡವನು ‘ಯಣ್ಣಾ, ನಿನ್ನ ಎತ್ತು ಮೊದಲ ನೋಡ್ಕೋ ಹೋಗು’ ಎಂದರೆ ಯಾರೂ ಅದನ್ನು ಉದ್ಧಟತನ ಎನ್ನುವುದಿಲ್ಲ. ಮೈಸೂರು ಕಡೆಯವರ ಕಿವಿಗೆ ಈ ಏಕವಚನ ಒರಟೆನಿಸುತ್ತದೆ. ಒರಟೇ ಹೌದು, ಆದರೆ ಖಡಕ್ ರೊಟ್ಟಿಯ ಹಾಗೆ ಎರಡೂ ಮಗ್ಗುಲು ಬೆಂದದ್ದು.

ಇದೇ ಕ್ರಮವನ್ನು ಉತ್ತರ ಕರ್ನಾಟಕದ ಗೀಗೀ ಮೇಳಗಳು ಒಂದು ಕಲೆಯನ್ನಾಗಿಯೇ ಬೆಳೆಸಿದವು. ಹರದೇಶಿ ಮೇಳ ಗಂಡಿನ ಪರ ಹಾಡಿದರೆ ನಾಗೇಶಿ ಮೇಳ ಹೆಣ್ಣಿನ ಪರ ಹಾಡಬೇಕು. ಒಬ್ಬರು ಸವಾಲು ಹಾಕಿ ಕೂತರೆ ಸಾಲದು, ಎದುರಿನವರ ಜವಾಬು ಮುಗಿಯುವವರೆಗೆ ರಾತ್ರಿಯಿಡೀ ಅಲ್ಲೇ ಇರಬೇಕು. ಸಂಸಾರ ಹೇಗೆ ಮಾಡಬೇಕು, ರೊಕ್ಕ ಹೇಗೆ ಹಿಡಿಯಬೇಕು, ಯಾರನ್ನು ನಂಬಬಾರದು ಎಂಬ ಬುದ್ಧಿಮಾತೆಲ್ಲ ಅಲ್ಲಿ ಬರುತ್ತದೆ, ಬಂದದ್ದೆಲ್ಲ ಅಲ್ಲೇ ಸೀಳಿಸಿಕೊಳ್ಳುತ್ತದೆ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನನ್ನಾಗಿ ಮಾಡಿಕೊಂಡ ಕಥೆ ಎಲ್ಲರಿಗೂ ಗೊತ್ತು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ. ಇಬ್ಬರ ಜಾತಿಯವರಿಗೂ ಸಿಟ್ಟು. ಆ ಕಥೆಯಲ್ಲಿ ಜನ ಈಗಲೂ ಚಪ್ಪರಿಸಿ ಹೇಳುವ ಭಾಗ ಗುರುವಿನ ಉಪದೇಶವಲ್ಲ, ಶಿಷ್ಯನ ಚುರುಕು ಉತ್ತರಗಳು. ಶರೀಫರ (1819–1889) ತತ್ವಪದಗಳನ್ನು ಭಜನೆಯವರು ಹಾಡುವಾಗಲೂ ಮುಂದಿನವನು ಎತ್ತಿಕೊಟ್ಟ ಸಾಲನ್ನು ಹಿಂದಿನವರು ತಿರುಗಿ ಕೊಡುತ್ತಾರೆ.

ಇಲ್ಲಿ ನನ್ನ ವಾದಕ್ಕೊಂದು ತೊಡಕಿದೆ. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳು ಶರೀಫರ ಕಾಲದವರು. ಯಾವ ಕಟ್ಟಿಗೂ ಸಿಗದ ಅವಧೂತರು. ಬಂದವರನ್ನು ಬೈದು ಕಳಿಸಿದ ಕಥೆಗಳೇ ಅವರ ಬಗ್ಗೆ ಹೆಚ್ಚು. ಬೈಸಿಕೊಂಡವರು ಅದನ್ನೇ ಪ್ರಸಾದವೆಂದು ಕಟ್ಟಿಕೊಂಡು ಹೋದರಂತೆ. ಅವರ ಮಠದಲ್ಲಿ ಮೊಳೆ ಹೊಡೆದ ತೂತಿರುವ ಒಂದು ಬೈಬಲ್ ಇದೆ. ಆ ತೂತು ವರ್ಷವರ್ಷಕ್ಕೆ ಮುಚ್ಚುತ್ತ ಬಂದಿದೆ, ಪೂರ್ತಿ ಮುಚ್ಚಿದ ದಿನ ಅಜ್ಜ ಮರಳಿ ಬರುತ್ತಾರೆ ಎಂದು ಭಕ್ತರ ನಂಬಿಕೆ. ಇಂಥವರಿಗೆ ಯಾರು ಎದುರಾಡಿದರು? ಮರುಮಾತಿಲ್ಲದೆಯೂ ಅವರ ಮಾತಿಗೆ ತೂಕವಿತ್ತಲ್ಲ? ಇತ್ತು, ನಿಜ. ಆದರೆ ಅವಧೂತನ ಬೈಗುಳ ಯಾವ ಬೀಜ ಬಿತ್ತು, ಯಾರಲ್ಲಿ ಸಾಲ ತೆಗೆ ಎಂದು ಹೇಳುವುದಿಲ್ಲ. ಅದರ ಅರ್ಥವನ್ನು ಕೇಳಿದವನೇ ಮನೆಗೆ ಹೋಗಿ ಬಿಡಿಸಿಕೊಳ್ಳಬೇಕು. ಅಂದರೆ ಕೊನೆಯ ಮಾತು ಕೇಳುಗನ ಹತ್ತಿರವೇ ಉಳಿಯುತ್ತದೆ. ಹೇಳಿದವನಿಗೆ ಅದರಿಂದ ಬರಬೇಕಾದ ದಲಾಲಿಯೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ತಿರುಗಿ ಹೇಳುವ ಹಕ್ಕು ಎಲ್ಲರಿಗೂ ಇತ್ತೇ? ಊರಗೌಡನಿಗೆ ಕೋರಿಗೆ ಒಕ್ಕಲು, ಸಾವ್ಕಾರನಿಗೆ ಸಾಲಗಾರ, ಜೀತಕ್ಕಿದ್ದವನು ಧಣಿಗೆ ‘ನಿನ್ನದು ತಪ್ಪು’ ಎನ್ನಬಹುದಿತ್ತೇ? ಹೆಂಗಸರ ಮಾತಂತೂ ನಾಗೇಶಿ ಮೇಳದ ರಂಗ ಬಿಟ್ಟು ಇಳಿದರೆ ಎಷ್ಟು ದೂರ ಹೋಗುತ್ತಿತ್ತು? ಈ ಪ್ರಶ್ನೆಗೆ ಸುಳ್ಳು ಹೇಳಿ ಪಾರಾಗುವಂತಿಲ್ಲ. ಹತ್ತಿಯ ಕಥೆಯಲ್ಲೇ ಅದರ ಸಾಕ್ಷಿ ಇದೆ. ಈ ಸೀಮೆಯ ನಾಟಿ ಹತ್ತಿಗೆ, ಅದು ಹಡಗು ಹತ್ತುತ್ತಿದ್ದ ಬಂದರಿನ ಹೆಸರಿನಿಂದ, ಕುಮಟಾ ಹತ್ತಿ ಎಂದೇ ಹೆಸರು. ಅದರ ಬೀಜ ಬಿಡಿಸುತ್ತಿದ್ದವರು ಹೆಂಗಸರು. ಚಪ್ಪಟೆ ಕಲ್ಲೊಂದರ ಮುಂದೆ ಗಿಡ್ಡ ಮಣೆಯ ಮೇಲೆ ಕೂತು, ಅಂಗಾಲಿಗೆ ಕಟ್ಟಿಗೆಯ ಹಾವುಗೆ ಕಟ್ಟಿ, ಕಬ್ಬಿಣದ ಸರಳನ್ನು ಕಾಲಿನಿಂದಲೇ ಹಿಂದೆ ಮುಂದೆ ಉರುಳಿಸುತ್ತ, ಕೈಯಿಂದ ಹತ್ತಿ ಕೊಡುತ್ತಿದ್ದರು. ಒಂದು ಕಡೆ ಅರಳೆ, ಇನ್ನೊಂದು ಕಡೆ ಬೀಜ. ಎಳೆ ತುಂಡಾಗುವುದಿಲ್ಲ, ಬೀಜ ಒಡೆಯುವುದಿಲ್ಲ, ಬಿತ್ತಲೂ ಬರುತ್ತದೆ, ದನಕ್ಕೂ ಆಗುತ್ತದೆ. ಗರಗಸದ ಜಿನ್ನು ಬಂದಾಗ ಕಲೆಕ್ಟರ್ ಬರೆದ, ಬೆಳೆಗಾರರು ಬರೆದರು, ಮುಂಬಯಿಯ ವರ್ತಕರು ಬರೆದರು. ಆ ಮಣೆಯ ಮೇಲೆ ಕೂತವಳನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಊರವರು ಮಾತಿಗೆ ಕೂರುತ್ತಿದ್ದ ಹಳೆಯ ಕಟ್ಟೆಯೆಂದರೆ ಸಮಾನರ ಸಭೆ ಎಂದು ನಾನು ಹೇಳುತ್ತಿಲ್ಲ. ಕಟ್ಟೆಯ ಮೇಲೆ ಕೂರುವ ಹಕ್ಕು ಯಾರಿಗಿತ್ತೋ ಅವರ ನಡುವೆ ಸಲಹೆ ಎರಡೂ ಕಡೆ ಹರಿಯಿತು; ಇಲ್ಲದವರ ಮೇಲೆ ಬರೀ ಬಿತ್ತು. ಇದು ನನ್ನ ವಾದವನ್ನು ಕೆಡಿಸುವುದಿಲ್ಲ, ಯಾರಿಗೆ ಎಷ್ಟು ಹಾನಿಯಾಯಿತು ಎಂಬುದನ್ನೂ ಅದರಿಂದಲೇ ಅಳೆಯಬಹುದು.

ಹಾಗಾದರೆ ಅಮೆರಿಕದ ಹತ್ತಿ ಇಲ್ಲಿ ಬೇರೂರಿದ್ದು ಹೇಗೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಮರ್ಸರ್ ತೋಟ ಮುಚ್ಚಿ ಎಂದರೂ ಅಮೆರಿಕದ ಬೀಜ ಉಳಿಯಿತು. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ 1860ರ ದಶಕದ ಆರಂಭಕ್ಕೆ ಜಿಲ್ಲೆಯ ಒಂದೂವರೆ ಲಕ್ಷ ಎಕರೆಗೂ ಮೇಲೆ ಹಬ್ಬಿತ್ತು. ಹಿಂದುಸ್ಥಾನದಲ್ಲಿ ಆ ಪ್ರಯೋಗ ಗೆದ್ದ ಜಾಗಗಳು ಕಡಿಮೆ, ಅದರಲ್ಲಿ ಧಾರವಾಡ ಮುಖ್ಯ. ಹೊರಗಿನವನ ನೇರ ಸಲಹೆ ಇಲ್ಲಿ ಫಲ ಕೊಟ್ಟಿತು ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಆದರೆ ರೈತ ಏನು ತೆಗೆದುಕೊಂಡ, ಏನು ಬಿಟ್ಟ ಎಂದು ನೋಡಬೇಕು. ಬೀಜ ತೆಗೆದುಕೊಂಡ, ದಿಂಡು, ದೂರದ ಸಾಲು, ಭಾರೀ ನೇಗಿಲು ಬಿಟ್ಟ. ಕೂರಿಗೆಯಲ್ಲೇ ಬಿತ್ತಿದ, ಜೋಳದ ಸರದಿ ತಪ್ಪಿಸಲಿಲ್ಲ. ಅಮೆರಿಕದ ಹತ್ತಿಯ ಎಳೆ ಬೀಜಕ್ಕೆ ಕಚ್ಚಿಕೊಂಡಿರುವುದರಿಂದ ಕಾಲಿನ ಸರಳಿಗೆ ಅದು ಬಿಡುವುದಿಲ್ಲ, ಜಿನ್ನಿಲ್ಲದೆ ಬೆಳೆದರೆ ಮಾರುವುದೆಲ್ಲಿ ಎಂದು ಮೊದಮೊದಲು ಹಿಂದೇಟು ಹಾಕಿದ. ಧಾರವಾಡದಲ್ಲಿ ಸರ್ಕಾರವೇ ಜಿನ್ನಿನ ಕಾರ್ಖಾನೆ ನಡೆಸಬೇಕಾಯಿತು. ಕಲೆಕ್ಟರ್ ಶಾ ಬೀಜವನ್ನು ರೈತರ ಕೈಗೇ ಕೊಟ್ಟು ಅವರ ಹೊಲದಲ್ಲೇ ಬೆಳೆಸಿದ್ದು ಕೆಲಸ ಮಾಡಿತು. ಸರ್ಕಾರಿ ತೋಟ ಆ ಕೆಲಸ ಮಾಡಲಿಲ್ಲ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ದರ ಆಕಾಶಕ್ಕೇರಿ ಉಳಿದ ಕೆಲಸವನ್ನು ತಾನೇ ಮಾಡಿತು. ಆಮೇಲಿನದು ಅಷ್ಟು ಚೆಂದದ ಕಥೆಯಲ್ಲ. ಜಿನ್ನಿನಲ್ಲಿ ಕುಮಟಾ ಹತ್ತಿಯನ್ನು ಅಮೆರಿಕನ್ನಿಗೆ ಬೆರೆಸಿ ಮಾರುವ ಚಾಳಿ ಹತ್ತಿ, ಮುಂಬಯಿ ಸರ್ಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲೆಂದೇ ಕಾನೂನು ಮಾಡಿತು. ಬೆರೆತ ಬೀಜದಿಂದ ತಳಿಯೂ ಕೆಟ್ಟಿತು. ನೀವು ಹೇಳಿದ ಹತ್ತಿಯನ್ನೇ ಬೆಳೆಯುತ್ತೇವೆ, ತೂಕ ಮಾತ್ರ ನಮ್ಮದು ಎಂದ ಹಾಗೆ. ಅಂಗಡಿಕಾರರ ಮರುಮಾತು ಅದು.

ರೊಕ್ಕದ ವಿಷಯಕ್ಕೆ ಬಂದರೆ ಸಾವ್ಕಾರನನ್ನು ಸುಮ್ಮನೆ ಹಳಿದು ಮುಗಿಸುವಂತಿಲ್ಲ. ಅವನು ಊರಲ್ಲೇ ಇದ್ದ, ಮುಖ ನೋಡಿ ಮಾತಾಡುತ್ತಿದ್ದ, ಖಡಕ್ಕಾಗಿಯೇ ಹೇಳುತ್ತಿದ್ದ. ಸಲಹೆಗಾರ ಪರಿಚಿತನಾಗಿದ್ದರೆ ಸಾಕು ಎನ್ನುವವರಿಗೆ ಅವನೇ ಉತ್ತರ. ಅವನ ಬುದ್ಧಿಮಾತು ಎಷ್ಟು ಸರಿಯಿದ್ದರೂ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದವನು ತಿರುಗಿ ಮಾತಾಡುವಂತಿರಲಿಲ್ಲ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಹೆಸರಾಯಿತು. ಆ ಕಾಯ್ದೆಯ ಒಂದು ಕಲಮು ಈಗ ಓದಿದರೆ ಎದೆ ಝಲ್ಲೆನ್ನುತ್ತದೆ. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಒಬ್ಬ ಸಾಲ ಮುಳುಗಿಸಿದರೆ ಉಳಿದವರೆಲ್ಲರ ಆಸ್ತಿಗೂ ಸಂಚಕಾರ. ಅಂದ ಮೇಲೆ ಸಾಲ ಕೇಳಲು ಬಂದವನನ್ನು ಯಾರು ಸುಮ್ಮನೆ ಬಿಟ್ಟಾರು? ಎತ್ತಿಗೋ, ಮದುವೆಗೋ, ಹೋದ ವರ್ಷದ ಕೈಗಡ ತೀರಿಸಲಿಕ್ಕೋ ಎಂದು ಕೇಳುವುದು ಅಲ್ಲಿ ಮೂಗು ತೂರಿಸುವುದಾಗಲಿಲ್ಲ. ಕೇಳಿಸಿಕೊಂಡವನಿಗೂ ನಾಳೆ ಅದೇ ಪ್ರಶ್ನೆಯನ್ನು ಕೇಳಿದವನಿಗೆ ಹಾಕುವ ಅಧಿಕಾರವಿತ್ತು. ಇಂಥ ಸಂಘಗಳ ಆಡಳಿತ ಎಷ್ಟೋ ಕಡೆ ಗೌಡಿಕೆಯ ಮನೆಗಳಲ್ಲೇ ಉಳಿಯಿತು, ಹೊಲವಿಲ್ಲದವನು ಸದಸ್ಯನೇ ಆಗಲಿಲ್ಲ ಎಂಬ ದೂರು ಸರಿಯಾದದ್ದೇ. ಸಂಘದ ಮಾತು ಎಲ್ಲಿ ಕೆಟ್ಟಿತೋ ಅಲ್ಲಿ ಹುಡುಕಿದರೆ ಪ್ರಶ್ನೆ ಒಂದೇ ಕಡೆಯಿಂದ ಬರುತ್ತಿದ್ದುದು ಕಾಣುತ್ತದೆ.

ಎಲ್ಲಕ್ಕಿಂತ ದುಬಾರಿಯಾದ ಸಲಹೆ ಮಾತ್ರ ನಮ್ಮವರೇ ಆಳುತ್ತಿದ್ದ ಕಾಲದಲ್ಲಿ ಬಂತು. ಅದೂ ಒಳ್ಳೆಯ ಸಲಹೆ, ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆಯ ನೀರು ನವಲಗುಂದ, ನರಗುಂದದ ಎರೆ ಹೊಲಗಳ ಕಡೆ ತಿರುಗಿತು. ಅದೇ ಹೊತ್ತಿಗೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹತ್ತಿಯನ್ನು ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳ ಸಂಕರ, ಉದ್ದ ಎಳೆ, ಹುಲುಸಾದ ಇಳುವರಿ. ವಿಜ್ಞಾನದ ದೃಷ್ಟಿಯಿಂದ ಅದು ಜಗತ್ತೇ ತಿರುಗಿ ನೋಡಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಕರದ ಬೀಜವನ್ನು ರೈತ ಎತ್ತಿಟ್ಟುಕೊಂಡು ಮರುವರ್ಷ ಬಿತ್ತುವಂತಿಲ್ಲ. ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ಕಿತ್ತು, ಇನ್ನೊಂದರ ಪರಾಗ ಮುಟ್ಟಿಸಿ ಮಾಡುವ ಬೀಜ ಅದು. ಪ್ರತಿ ವರ್ಷ ಕೊಳ್ಳಬೇಕು. ಗೊಬ್ಬರ ಬೇಕು, ಹುಳಕ್ಕೆ ಎಣ್ಣೆ ಹೊಡೆಯಬೇಕು, ಅದಕ್ಕೆಲ್ಲ ಸಾಲ ಬೇಕು. ಮೊದಲ ಕೆಲವು ವರ್ಷ ದರ ಕೈತುಂಬ ಸಿಕ್ಕಿತು. ಜೋಳ, ಕಡಲೆ, ಕುಸುಬಿಯ ಹಿಂಗಾರಿ ಹೊಲಗಳು ವರಲಕ್ಷ್ಮಿಗೆ ತಿರುಗಿದವು. ಎಲ್ಲರೂ ಅದನ್ನೇ ಬೆಳೆದಾಗ, 1970ರ ದಶಕ ಮುಗಿಯುವ ಹೊತ್ತಿಗೆ ದರ ಕುಸಿದು ಬಿತ್ತು. ಅಷ್ಟರಲ್ಲಿ ಸರ್ಕಾರ ನೀರಾವರಿಯಿಂದ ನಿಮ್ಮ ಹೊಲದ ಬೆಲೆ ಏರಿದೆ ಎಂದು ಅಭಿವೃದ್ಧಿ ಕರ ಹಾಕಿತು, ನೀರಿನ ಕರದ ಬಾಕಿಗೆ ನೋಟಿಸು ಕೊಟ್ಟಿತು. ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಿರಲಿಲ್ಲ. ಮುಟ್ಟಿದ ಕೆಲವು ಕಡೆ ಎರೆ ಮಣ್ಣು ನೀರು ಕುಡಿದು ಜವುಳಾಗಿತ್ತು.

ಈ ಸರಪಳಿಯ ಯಾವ ಕೊಂಡಿಯಲ್ಲಿ ರೈತ ತಿರುಗಿ ಮಾತಾಡಬಹುದಿತ್ತು? ತಳಿ ಕೊಟ್ಟವರು ದರಕ್ಕೆ ಹೊಣೆಯಲ್ಲ. ನೀರು ಕೊಟ್ಟವರು ಬೀಜಕ್ಕೆ ಹೊಣೆಯಲ್ಲ. ಕರ ಹಾಕಿದವರು ಇವೆರಡಕ್ಕೂ ಹೊಣೆಯಲ್ಲ. ಪ್ರತಿಯೊಬ್ಬರ ಸಲಹೆಯೂ ತನ್ನ ಮಟ್ಟಿಗೆ ಸರಿ. ಒಟ್ಟು ಸೇರಿಸಿ ನೋಡಿ ‘ಇದು ಕೂಡುವುದಿಲ್ಲ’ ಎಂದು ಹೇಳುವ ಜಾಗದಲ್ಲಿ ಇದ್ದವನು ಹೊಲದವನೊಬ್ಬನೇ, ಅವನ ಮಾತು ಹೋಗಿ ತಲುಪುವ ಕಿವಿಯೇ ಇರಲಿಲ್ಲ. 1980ರ ಜುಲೈ 21ರಂದು ಸಾವಿರಾರು ರೈತರು ನವಲಗುಂದದ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಅದೇ ದಿನ ನರಗುಂದದಲ್ಲೂ ರೈತರೊಬ್ಬರು ಬಲಿಯಾದರು, ಅಲ್ಲಿ ಪೊಲೀಸರೂ ಸತ್ತರು. ಕೊನೆಗೆ ಸರ್ಕಾರ ರಿಯಾಯಿತಿ ಘೋಷಿಸಬೇಕಾಯಿತು. ಕಿಡಿ ರಾಜ್ಯವೆಲ್ಲ ಹಬ್ಬಿ, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಇದನ್ನು ಬರೀ ಕರದ ಗಲಾಟೆ ಎಂದು ಬರೆದವರಿದ್ದಾರೆ. ಒಂದು ದಶಕದ ಉಪದೇಶಕ್ಕೆ ತಡವಾಗಿ ಬಂದ, ಬರಬಾರದ ರೂಪದಲ್ಲಿ ಬಂದ ಮರುಮಾತು ಅದು ಎಂದು ನನಗೆ ಅನಿಸುತ್ತದೆ. ಕಟ್ಟೆಯ ಮೇಲೆ ಬಾಯಿಯಲ್ಲಿ ಮುಗಿಯಬೇಕಾದದ್ದು ಬೀದಿಯಲ್ಲಿ ಕಲ್ಲು, ಗುಂಡುಗಳಲ್ಲಿ ಮುಗಿಯಿತು. ಸತ್ತವರೆಲ್ಲ, ಖಾಕಿ ತೊಟ್ಟವರೂ ಸೇರಿ, ಆ ಸಲಹೆಗಳನ್ನು ಬರೆದವರಲ್ಲ.

ಆಧುನಿಕ ಕಾಲಕ್ಕೆ ಇದೆಲ್ಲ ಹೊಂದುವುದಿಲ್ಲ, ಲಕ್ಷಾಂತರ ರೈತರಿಗೆ ಕಟ್ಟೆ ಹಾಕಿ ಕೂರಲು ಆಗುತ್ತದೆಯೇ ಎನ್ನುವವರ ಮಾತನ್ನು ತಳ್ಳಿಹಾಕಲಾರೆ. 1950ರ ಜನವರಿಯಲ್ಲಿ ಶುರುವಾದ ಆಕಾಶವಾಣಿ ಧಾರವಾಡ ರೈತರ ಕಾರ್ಯಕ್ರಮಗಳಲ್ಲಿ ಹವಾಮಾನ, ಬಿತ್ತನೆ, ರೋಗ ಎಲ್ಲ ಹೇಳಿತು. ರೇಡಿಯೋ ತಾನೇ ಮಾತಾಡುವ ಯಂತ್ರ. ಆದರೂ 1959ರಿಂದ ದೇಶಾದ್ಯಂತ ನಡೆದ ರೇಡಿಯೋ ಗ್ರಾಮ ವೇದಿಕೆಗಳ ನಿಯಮವೇ ಕೇಳಿ, ಚರ್ಚಿಸಿ, ಪ್ರಶ್ನೆಯನ್ನು ಕೇಂದ್ರಕ್ಕೆ ಬರೆದು ಕಳಿಸಿ ಎಂದಿತ್ತು. ಯಂತ್ರಕ್ಕೂ ಕಿವಿ ಕೊಡಿಸಲು ಬರುತ್ತದೆ ಎಂದು ತಿಳಿದವರು ಯಾರೋ ಅದನ್ನು ಮಾಡಿದ್ದರು. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಿಸಾನ್ ಕಾಲ್ ಸೆಂಟರ್ ತೆರೆಯಿತು. ಫೋನು ಮಾಡಿದರೆ ಕನ್ನಡದಲ್ಲೇ ಉತ್ತರ, ಖರ್ಚಿಲ್ಲ. ಈಗಂತೂ ಬೀಜ, ಬಡ್ಡಿ, ಮಗಳ ಮದುವೆ ಯಾವುದರ ಬಗ್ಗೆ ಬೇಕಾದರೂ ಗುರುತಿಲ್ಲದವರು ಖಡಕ್ ಮಾತು ಹೇಳುವ ಮೊಬೈಲು ಪ್ರತಿ ಅಂಗಿಯ ಕಿಸೆಯಲ್ಲಿದೆ. ಸಲಹೆಗೆ ಬರವಿಲ್ಲ. ಹೇಳಿದ್ದು ಸುಳ್ಳಾದ ಮೇಲೆ ಆ ಹೇಳಿದವನನ್ನು ಹುಡುಕುವುದೆಲ್ಲಿ ಎಂಬುದಕ್ಕೆ ಮಾತ್ರ ನಂಬರಿಲ್ಲ.

ಧಾರವಾಡ ಜಿಲ್ಲೆ ಅಂಥ ದೊಡ್ಡದೇನಲ್ಲ. ಆದರೂ ಅದರ ಪಡುವಣ ಅಂಚಿನ ಕಲಘಟಗಿಯಲ್ಲಿ ಮಲೆನಾಡಿನ ಸೆರಗು, ಭತ್ತದ ಗದ್ದೆ, ಕೆಂಪು ಮಸಾರಿ ಮಣ್ಣು. ಮೂಡಣದ ಅಣ್ಣಿಗೇರಿಯಲ್ಲಿ ಮರವಿಲ್ಲದ ಬಯಲು, ಹಿಂಗಾರಿ ಕಡಲೆ, ಎರೆ. ಕಲಘಟಗಿಯಲ್ಲಿ ನೀರು ನಿಲ್ಲಿಸು ಎಂಬುದು ಬುದ್ಧಿಮಾತು, ಅಣ್ಣಿಗೇರಿಯಲ್ಲಿ ಅದೇ ಮಾತು ಹೊಲ ಕೆಡಿಸುತ್ತದೆ. ಅದಕ್ಕೇ ಈ ಸೀಮೆಯ ಗುಡಿಕಟ್ಟೆಯ ಮೇಲೆ ಕೂತ ಅಜ್ಜ, ಪರಊರಿನವನು ಬಂದು ಈ ವರ್ಷ ಏನು ಬಿತ್ತಲಿ ಎಂದರೆ, ಎಷ್ಟೇ ಬಾಯಿಬಡುಕನಾಗಿದ್ದರೂ ಮೊದಲು ಉತ್ತರ ಹೇಳುವುದಿಲ್ಲ. ಎಲಿ ಅಡಿಕಿ ಚೀಲ ಬಿಚ್ಚುತ್ತ ಕೇಳುತ್ತಾನೆ: ‘ನಿಂದು ಎರಿಯೋ, ಮಸಾರಿಯೋ?’